ಬಾಕಿ ದೂರುಗಳು: ಸೊನ್ನೆ

ನಮ್ಮೂರ ಹಾಲು ಉತ್ಪಾದಕರ ಸಂಘದ ವಾರ್ಷಿಕ ಸಭೆಗೂ ಕೋರಂ ಬೇಕು. ಸದಸ್ಯರು ಸಾಲದಿದ್ದರೆ ಸಭೆ ಮುಂದಕ್ಕೆ ಹೋಗುತ್ತದೆ, ಕಾರ್ಯದರ್ಶಿ ಗೊಣಗುತ್ತಾನೆ, ಮಾಡಿಸಿಟ್ಟ ಉಪ್ಪಿಟ್ಟು ತಣ್ಣಗಾಗುತ್ತದೆ. ಆದರೆ ಸಮುದ್ರದಂಡೆಗೆ ಒಂದು ಬಂದರೋ, ಉಷ್ಣ ವಿದ್ಯುತ್ ಸ್ಥಾವರವೋ ಬರುವಾಗ ನಡೆಸುವ ಸಾರ್ವಜನಿಕ ಅಹವಾಲು ಸಭೆಗೆ ಈ ಕಿರಿಕಿರಿ ಇಲ್ಲ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ: ಸಭೆ ಶುರುವಾಗಲು ಕೋರಂ ಬೇಕಿಲ್ಲ. ಹಾಲಿನ ಲೆಕ್ಕ ಒಪ್ಪಿಸಲು ಜನ ಬೇಕು. ಜನರ ಅಭಿಪ್ರಾಯ ಪಡೆಯಲು ಜನ ಬೇಡ. ಇಂಥ ಸೂಕ್ಷ್ಮವನ್ನು ಯೋಚಿಸಿ ಬರೆದ ಅಧಿಕಾರಿ ಯಾರೋ ಏನೋ, ಅವರ ಕೈಗೊಂದು ಬಂಗಾರದ ಕಡಗ ತೊಡಿಸಬೇಕು.

ಸಭೆಯ ಕ್ರಮ ಹೀಗೆ. 30 ದಿನ ಮುಂಚೆ ಪತ್ರಿಕೆಗಳಲ್ಲಿ ಪ್ರಕಟಣೆ. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಬಂದ ಹಿರಿಯ ಅಧಿಕಾರಿ ನಡುವಿನ ಕುರ್ಚಿಯಲ್ಲಿ, ಮಾಲಿನ್ಯ ನಿಯಂತ್ರಣ ಮಂಡಳಿಯವರು ಪಕ್ಕದಲ್ಲಿ. ಕಂಪನಿಯ ಸಲಹೆಗಾರರು ಪರದೆಯ ಮೇಲೆ ಚಿತ್ರ ತೋರಿಸುತ್ತಾರೆ. ಚಿತ್ರದಲ್ಲಿ ಕಾರ್ಖಾನೆಗಿಂತ ಮರಗಳೇ ಜಾಸ್ತಿ. ಆಮೇಲೆ ಜನ ಮಾತಾಡಬಹುದು, ಎಲ್ಲವೂ ವಿಡಿಯೊ ಆಗುತ್ತದೆ, ಕೊನೆಗೆ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಿ ಸಹಿ ಹಾಕುತ್ತಾರೆ. ಮೀನುಗಾರ ಎದ್ದು ನಿಂತು 'ಬೇಡ' ಅನ್ನುತ್ತಾನೆ. ನಡಾವಳಿಗೆ ಹೋಗುವಷ್ಟರಲ್ಲಿ ಅದು 'ಆತಂಕ' ಆಗಿರುತ್ತದೆ. ಆತಂಕದ ಎದುರಿಗೆ ಕಂಪನಿಯ ಉತ್ತರ: ಸೂಕ್ತ ಕ್ರಮ ಕೈಗೊಳ್ಳಲಾಗುವುದು. ಅಲ್ಲಿಗೆ ಆತಂಕ ಪರಿಹಾರವಾಯಿತು. ಆ ಸಭೆಯಲ್ಲಿ ಮತ ಎಣಿಸುವುದಿಲ್ಲ, ಯಾಕೆಂದರೆ ಅದು ಒಪ್ಪಿಗೆ ಕೇಳುವ ಸಭೆಯೇ ಅಲ್ಲ. ಹೇಳುವುದನ್ನು ಕೇಳಿಸಿಕೊಳ್ಳುವ ಸಭೆ. ಇಡೀ ಊರು ಬೇಡವೆಂದರೂ ಸಭೆ ಯಶಸ್ವಿ.

ಪರಿಸರ ಪರಿಣಾಮದ ವರದಿ ಬರೆಯುವ ಸಲಹೆಗಾರರಿಗೆ ದುಡ್ಡು ಕೊಡುವುದು ಯೋಜನೆ ತರುವ ಕಂಪನಿಯೇ. ಇದರಲ್ಲಿ ತಪ್ಪು ಹುಡುಕಬೇಡಿ, ಊಟ ಹಾಕಿದವರ ಅಡುಗೆಯನ್ನು ಹೊಗಳುವುದು ನಮ್ಮ ಸಂಸ್ಕೃತಿ. ಕೆಲಸ ಜಾಸ್ತಿಯಾದಾಗ ಎಡವಟ್ಟೂ ಆಗುತ್ತದೆ. ಮಹಾರಾಷ್ಟ್ರದ ರತ್ನಗಿರಿಯ ಬಾಕ್ಸೈಟ್ ಗಣಿಯೊಂದಕ್ಕೆ ಬರೆದ ವರದಿಯೊಳಗೆ ರಷ್ಯಾದ ಬಾಕ್ಸೈಟ್ ಗಣಿಯ ವರದಿಯ ಭಾಗಗಳು ಹಾಗೆಹಾಗೇ ಕೂತಿದ್ದು ಒಮ್ಮೆ ಸುದ್ದಿಯಾಗಿತ್ತು. ಮಾವಿನ ನಾಡಿಗೆ ಹಿಮದ ನಾಡಿನ ಮರಗಳು ಬಂದಿದ್ದವು. ಓದುವವರಿದ್ದಾರೆ ಎಂಬ ಭಯವಿದ್ದರೆ ತಾನೇ ಅಳಿಸುವುದು?

ಈ ಕಸರತ್ತೂ ಜಾಸ್ತಿಯಾಯಿತು ಅಂತ ಕೇಂದ್ರ ಸರಕಾರಕ್ಕೆ 2020ರಲ್ಲಿ ಅನಿಸಿತು. ಹೊಸ ಕರಡು ಅಧಿಸೂಚನೆ ತಂದಿತು. ಅದರಲ್ಲಿ 30 ದಿನದ ನೋಟಿಸು 20ಕ್ಕೆ ಇಳಿಯಿತು. ಕರಡಿನ ಬಗ್ಗೆ ದೇಶದ ಜನರೆಲ್ಲ ಅಭಿಪ್ರಾಯ ಹೇಳಿ ಎಂದರು, ಕರಡನ್ನು ಮಾತ್ರ ಇಂಗ್ಲಿಷು ಮತ್ತು ಹಿಂದಿಯಲ್ಲಿ ಕೊಟ್ಟರು. ಎಂಟನೇ ಪರಿಚ್ಛೇದದ ಭಾಷೆಗಳಿಗೆಲ್ಲ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಜೂನ್ 30ರಂದು ಹೇಳಿದರೆ, ಸರಕಾರ ಅನುವಾದಕರನ್ನು ಹುಡುಕುವ ಬದಲು ಸುಪ್ರೀಂ ಕೋರ್ಟಿಗೆ ಹೋಯಿತು. ಲಾಕ್‌ಡೌನಿನಲ್ಲಿ ಕೆಲಸವಿಲ್ಲದೆ ಕೂತಿದ್ದ ನಮ್ಮಂಥ ಅನುವಾದಕರು ಎಷ್ಟು ಜನ ಇದ್ದೆವು! ಅಂತಿಮ ಅಧಿಸೂಚನೆಗೆ ಆಗ ತಡೆ ಕೊಟ್ಟದ್ದು ಕರ್ನಾಟಕ ಹೈಕೋರ್ಟ್ ಎನ್ನುವುದನ್ನು ಕನ್ನಡಿಗನಾಗಿ ಇಲ್ಲಿ ಸ್ವಲ್ಪ ಎದೆಯುಬ್ಬಿಸಿ ದಾಖಲಿಸುತ್ತೇನೆ.

ನನ್ನ ಹಾಗೆ ಚೆನ್ನೈಯಲ್ಲಿ ಇರುವವರಿಗೆ ಒಂದು ಭೂಗೋಳ ತನ್ನಷ್ಟಕ್ಕೆ ಗೊತ್ತಾಗಿಬಿಡುತ್ತದೆ. ಊರಿನ ಹೊಗೆಗೊಳವೆಗಳೆಲ್ಲ ಹೆಚ್ಚುಕಮ್ಮಿ ಉತ್ತರಕ್ಕೆ, ಹೊಗೆಯ ಬಗ್ಗೆ ವರದಿ ಬರೆಯುವ ಕಚೇರಿಗಳೆಲ್ಲ ಹೆಚ್ಚುಕಮ್ಮಿ ದಕ್ಷಿಣಕ್ಕೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಧಾನ ಕಚೇರಿ ಇರುವುದು ಗಿಂಡಿಯಲ್ಲಿ, ಪಕ್ಕದಲ್ಲಿ ಜಿಂಕೆ ಮೇಯುವ ರಾಷ್ಟ್ರೀಯ ಉದ್ಯಾನ. ಮಾಲಿನ್ಯ ಇರುವುದು ಮಣಲಿಯಲ್ಲಿ, ಎಣ್ಣೂರಿನಲ್ಲಿ. ಪೆಟ್ರೋಲು ಶುದ್ಧೀಕರಣ ಮಣಲಿಯಲ್ಲಿ, ರಸಗೊಬ್ಬರ ಎಣ್ಣೂರಿನಲ್ಲಿ, ಕಲ್ಲಿದ್ದಲು ಸುಡುವ ಸ್ಥಾವರಗಳು ಕೊಸಸ್ತಲೈ ನದಿಯ ಆಸುಪಾಸಿನಲ್ಲಿ, ಅವುಗಳ ಬೂದಿ ನದಿಯ ಹಿನ್ನೀರಿನಲ್ಲಿ, ಆ ಹಿನ್ನೀರಿನಲ್ಲಿ ಸಿಗಡಿ ಹಿಡಿಯುವವರು ಕುಪ್ಪಂಗಳಲ್ಲಿ, ಅಂದರೆ ಮೀನುಗಾರರ ಹಟ್ಟಿಗಳಲ್ಲಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ದೇಶದ ಪ್ರಮುಖ ಕೈಗಾರಿಕಾ ಪ್ರದೇಶಗಳಿಗೆ ಮಾಲಿನ್ಯದ ಅಂಕ ಕೊಟ್ಟಾಗ ಮಣಲಿಗೆ ನೂರಕ್ಕೆ 76.32 ಬಂತು. ಡಿಸ್ಟಿಂಕ್ಷನ್! ನಮ್ಮ ಮಂಗಳೂರು 73.68, ಭದ್ರಾವತಿ 72.33, ಎರಡೂ ಫಸ್ಟ್ ಕ್ಲಾಸಿಗೇ ನಿಂತವು. 70 ದಾಟಿದ 43 ಊರುಗಳು 'ಅತಿ ಗಂಭೀರ' ಪಟ್ಟಿಗೆ ಸೇರಿ, ಅಲ್ಲಿ ಹೊಸ ಯೋಜನೆ ಕೆಲ ಕಾಲ ಬೇಡವೆಂದು ತಡೆಯೂ ಬಂತು. ತಡೆ ಎದ್ದುಹೋಯಿತು ಎಂದು ಬೇರೆ ಹೇಳಬೇಕಿಲ್ಲವಷ್ಟೆ.

ಕಾಟ್ಟುಪಳ್ಳಿ ಬಂದರಿನ ಕಥೆ ಇಲ್ಲಿಯದೇ. ಎಲ್ ಅಂಡ್ ಟಿ ಕಟ್ಟಿದ ಬಂದರನ್ನು 2018ರಲ್ಲಿ ಅದಾನಿ ಸಮೂಹ ಕೊಂಡಿತು. ಈಗಿರುವ 330 ಎಕರೆಯನ್ನು 6,111 ಎಕರೆಗೆ ಹಿಗ್ಗಿಸಿ, ವರ್ಷಕ್ಕೆ 32 ಕೋಟಿ ಟನ್ ಸರಕು ಸಾಗಿಸುವ ಯೋಜನೆ, ಖರ್ಚು 53,000 ಕೋಟಿ ರೂಪಾಯಿ. ಬೇಕಾದ ಜಾಗದಲ್ಲಿ ಸುಮಾರು ಮೂರನೇ ಒಂದು ಭಾಗ ಇನ್ನೂ ಸಮುದ್ರವಾಗಿಯೇ ಇದೆ, ಅದನ್ನು ತುಂಬಿ ನೆಲ ಮಾಡಬೇಕು. ಬಡಗಕ್ಕೆ ಪಳವೇರ್ಕಾಡು ಸರೋವರ, ಪುಲಿಕಾಟ್ ಅಂದರೆ ಹೆಚ್ಚು ಜನಕ್ಕೆ ಗೊತ್ತಾಗುತ್ತದೆ. ಅಹವಾಲು ಸಭೆಯನ್ನು 2021ರ ಜನವರಿ 22ಕ್ಕೆ ಇಟ್ಟುಕೊಂಡರು, ಮುಂದಕ್ಕೆ ಹೋಯಿತು. 2023ರ ಸೆಪ್ಟೆಂಬರ್ 5ಕ್ಕೆ ಇಟ್ಟುಕೊಂಡರು, ಅದೂ ಮುಂದಕ್ಕೆ ಹೋಯಿತು. ಕೋರಂ ಬೇಡದ ಸಭೆಗೆ ಇರುವ ಒಂದೇ ತೊಡಕು ಇದು: ಯಾರೂ ಬರದಿದ್ದರೆ ನಡೆಸಬಹುದು, ಎಲ್ಲರೂ ಬರುತ್ತೇವೆ ಎಂದುಬಿಟ್ಟರೆ ಕಷ್ಟ.

ಇಷ್ಟಾದರೂ ಕಂಪನಿಗಳ ಪರಿಸರ ನಡವಳಿಕೆಗೆ 'ಸ್ಟೇಕ್‌ಹೋಲ್ಡರ್'ಗಳ ಮೆಚ್ಚುಗೆ ವರ್ಷವರ್ಷವೂ ಏರುತ್ತಲೇ ಇರುವುದು ಹೇಗೆ? ನನ್ನ ಹೆಂಡತಿಯ ತಮ್ಮ ಓಎಂಆರ್ ರಸ್ತೆಯ ಗಾಜಿನ ಕಟ್ಟಡವೊಂದರಲ್ಲಿ ಕೂತು ಕಂಪನಿಗಳಿಗೆ ಇಂಥ ವರದಿಗಳನ್ನು ಬರೆದುಕೊಡುತ್ತಾನೆ. ಯಾವ ಕಂಪನಿ ಎಂದು ಕೇಳಬೇಡಿ, ಹುಡುಗನ ತಲೆ ಮೇಲೆ ಮನೆ ಸಾಲ ಇದೆ. ಒಂದು ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬಂದವನು ಹುಳಿ ಕುದಿಯುವವರೆಗೆ ಲ್ಯಾಪ್‌ಟಾಪ್ ಬಿಚ್ಚಿದ.

"ಭಾವ, ಇದು ಬಿಆರ್‌ಎಸ್‌ಆರ್, ಕಂಪನಿಯ ಹೊಣೆಗಾರಿಕೆಯ ವರದಿ. ಶೇರು ಮಾರುಕಟ್ಟೆ ನೋಡಿಕೊಳ್ಳುವ ಸೆಬಿಯವರದ್ದು. 2022-23ರಿಂದ ಲಿಸ್ಟ್ ಆದ ಮೊದಲ ಸಾವಿರ ಕಂಪನಿಗಳಿಗೆ ಕಡ್ಡಾಯ. ಒಂಬತ್ತು ತತ್ವ ಇದಾವೆ. ನಾಲ್ಕನೇದು ಸ್ಟೇಕ್‌ಹೋಲ್ಡರ್, ಆರನೇದು ಪರಿಸರ."

ಬೆಂಗಳೂರಿನ ಕಾರ್ಪೊರೇಷನ್ನಿನಲ್ಲಿ ಮೂವತ್ತು ವರ್ಷ ನಮೂನೆಗಳ ನಡುವೆ ಬದುಕಿದ ನನಗೇ ಅವನು ತೋರಿಸಿದ ಸ್ಟೇಕ್‌ಹೋಲ್ಡರ್ ಕೋಷ್ಟಕದ ಅಂದ ಕಣ್ಣಿಗೆ ಕಟ್ಟಿತು. ಎಡಗಡೆ ಯಾರು ಎಂಬುದು. ಅವರು ದುರ್ಬಲ, ಅಂಚಿಗೆ ತಳ್ಳಲ್ಪಟ್ಟ ಗುಂಪೇ, ಹೌದು ಅಥವಾ ಇಲ್ಲ. ಅವರನ್ನು ಸಂಪರ್ಕಿಸುವ ಬಗೆ: ಇಮೇಲ್, ಎಸ್ಸೆಮ್ಮೆಸ್, ಪತ್ರಿಕೆ, ಕರಪತ್ರ, ನೋಟಿಸ್ ಬೋರ್ಡು, ವೆಬ್‌ಸೈಟು, ಸಮುದಾಯ ಸಭೆ. ಎಷ್ಟು ಸಲ. ಯಾಕೆ. ಶೇರುದಾರರ ಸಾಲಿನಲ್ಲಿ ಅವನು 'ಇಲ್ಲ' ಎಂದೂ 'ಮೂರು ತಿಂಗಳಿಗೊಮ್ಮೆ' ಎಂದೂ ತುಂಬಿದ್ದ. ಬ್ಯಾಂಕಿನವರ ಸಾಲಿನಲ್ಲಿ 'ನಿರಂತರ'. 'ಸಮುದಾಯ' ಎಂಬ ಸಾಲಿನಲ್ಲಿ 'ಹೌದು'. ಎಷ್ಟು ಸಲ ಎಂಬಲ್ಲಿ 'ಅಗತ್ಯ ಬಿದ್ದಾಗ'.

"ಅಗತ್ಯ ಯಾರಿಗೆ ಬಿದ್ದಾಗಯ್ಯಾ?" ಅಂದೆ.

"ಸರಕಾರಿ ನೌಕರಿ ಮಾಡಿ ರಿಟೈರಾದವರು ನೀವು. ಇಂಥಾ ಪ್ರಶ್ನೆ ಕೇಳಬಾರದು."

ಇನ್ನೊಂದು ಹಾಳೆ ತೆಗೆದ. ಬಂದ ದೂರುಗಳು, ವರ್ಷದ ಕೊನೆಗೆ ಬಾಕಿ ಉಳಿದ ದೂರುಗಳು. ನೌಕರರದ್ದು ಒಂದಷ್ಟು, ಗ್ರಾಹಕರದ್ದು ಒಂದಷ್ಟು. ಸಮುದಾಯ: ಬಂದದ್ದು ಸೊನ್ನೆ, ಬಾಕಿ ಸೊನ್ನೆ.

"ಅಲ್ಲಯ್ಯ, ಆ ಕಾರ್ಖಾನೆ ಗೇಟಿನ ಮುಂದೆ ಜನ ವಾರಗಟ್ಟಲೆ ಕೂತಿದ್ದರು ಅಂತ ನೀನೇ ಹೇಳಿದ್ದೆಯಲ್ಲ. ಅದು?"

"ದೂರು ಕೊಡೋಕೆ ವೆಬ್‌ಲಿಂಕ್ ಇದೆ ಭಾವ. ಅದರಲ್ಲಿ ಯಾರೂ ಹಾಕಿಲ್ಲ. ಗೇಟ್ ಮುಂದೆ ಕೂರೋದು ದೂರು ಅಲ್ಲ, ಲಾ ಅಂಡ್ ಆರ್ಡರ್. ಅದು ಪೊಲೀಸರ ವರದಿಯಲ್ಲಿ ಬರುತ್ತೆ, ನಮ್ಮದರಲ್ಲಿ ಬರಲ್ಲ."

ಲಿಂಕು ಎಲ್ಲಿದೆ ನೋಡೋಣ ಎಂದು ಹುಡುಕಿದೆ. 'ಹೂಡಿಕೆದಾರರು' ಎಂಬುದರೊಳಗೆ 'ನೀತಿಗಳು', ಅದರೊಳಗೆ 'ಇತರೆ', ಅದರೊಳಗೆ ಒಂದು ಪಿಡಿಎಫ್, ಆ ಪಿಡಿಎಫ್‌ನ ಕೊನೆಯ ಪುಟದಲ್ಲಿ ಒಂದು ಇಮೇಲ್ ವಿಳಾಸ. ಎಲ್ಲ ಇಂಗ್ಲಿಷಿನಲ್ಲಿ. ಬಲೆ ಎಳೆದು ಬಂದ ಒದ್ದೆ ಕೈಯಲ್ಲಿ ಇಷ್ಟು ಒತ್ತಿ ದೂರು ಕೊಡುವ ಮನುಷ್ಯ ದುರ್ಬಲ ವರ್ಗದವನು ಆಗಲಾರ, ಅವನಿಗೆ ಓಎಂಆರ್ ರಸ್ತೆಯಲ್ಲಿ ಕೆಲಸ ಕೊಡಬೇಕು.

ಇನ್ನು ಮೆಚ್ಚುಗೆಯ ಸಮೀಕ್ಷೆ. ಒಂದು ಫಾರ್ಮು ಮಾಡಿ ಎಲ್ಲ 'ಪಾಲುದಾರರಿಗೆ' ಕಳಿಸಿದ್ದರಂತೆ. ನೌಕರರಿಗೆ, ಸರಕು ಪೂರೈಸುವವರಿಗೆ, ಡೀಲರುಗಳಿಗೆ, ಸಾಲ ಕೊಟ್ಟ ಬ್ಯಾಂಕಿಗೆ, ಕಂಪನಿಯ ದುಡ್ಡಿನಲ್ಲೇ ನಡೆಯುವ ಒಂದೆರಡು ಸೇವಾ ಸಂಸ್ಥೆಗಳಿಗೆ. "ಸಪ್ಲೈಯರುಗಳಲ್ಲಿ ಒಬ್ಬರೂ ನಮ್ಮ ಪರಿಸರ ನೀತಿಗೆ ಅಸಮಾಧಾನ ಹೇಳಿಲ್ಲ ಭಾವ," ಅಂದ, ಮುಖದಲ್ಲಿ ಕೊಂಚ ಹೆಮ್ಮೆ. ಬಿಲ್ಲು ಪಾಸಾಗಬೇಕಾದವರು ಅಸಮಾಧಾನ ಹೇಳುವುದುಂಟೆ? ನನ್ನ ಕಾಲದಲ್ಲಿ ಕಂಟ್ರಾಕ್ಟರುಗಳು ನಮ್ಮ ಆಫೀಸಿನ ಕಾಫಿಯನ್ನೂ ಹೊಗಳುತ್ತಿದ್ದರು. ಹುಡುಗ ಕೆಟ್ಟವನಲ್ಲ. ಕೋಷ್ಟಕದಲ್ಲಿ ಸುಳ್ಳು ಒಂದೂ ಇಲ್ಲ. ಯಾರನ್ನು ಕೇಳಬೇಕು ಎಂಬುದನ್ನು ಮೊದಲೇ ಸರಿಯಾಗಿ ಆರಿಸಿಕೊಂಡರೆ ಸುಳ್ಳು ಹೇಳುವ ಪ್ರಮೇಯವೇ ಬರುವುದಿಲ್ಲ. ಮೆಚ್ಚುಗೆ ಗಳಿಸುವ ವಿದ್ಯೆಯೆಲ್ಲ ಇಷ್ಟೇ: ಮೆಚ್ಚುವವರನ್ನು ಗಳಿಸಿಕೊಳ್ಳುವುದು.

ಮೆಚ್ಚದವರಿಗಾಗಿ ಕಂಪನಿ ಕಾಯ್ದೆ 2013ರ 135ನೇ ಕಲಂ ಇದೆ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡಾ 2ನ್ನು ಸಮಾಜಕ್ಕೆ ಕೊಡಬೇಕು. ಆದ್ದರಿಂದ ಉಸಿರಾಟದ ತೊಂದರೆ ಇರುವ ಕಡೆ ಕಣ್ಣಿನ ತಪಾಸಣೆ ಶಿಬಿರ, ಕುಡಿಯುವ ನೀರು ಕೆಟ್ಟ ಕಡೆ ಶುದ್ಧ ನೀರಿನ ಘಟಕ, ಶಾಲೆಯ ಗೋಡೆಗೆ ಡಾಲ್ಫಿನ್ ಚಿತ್ರ. ಶೇಕಡಾ 2 ಕಾಣುವಷ್ಟು ದೊಡ್ಡ ಬೋರ್ಡಿನಲ್ಲಿರುತ್ತದೆ. ಉಳಿದ 98 ಗಾಳಿಯಲ್ಲಿ ಇರುವುದರಿಂದ ಅದಕ್ಕೆ ಬೋರ್ಡು ಬೇಕಾಗುವುದಿಲ್ಲ.

2017ರ ಜನವರಿ 28ರ ನಸುಕಿಗೆ ಬರೋಣ. ಎಣ್ಣೂರಿನ ಕಾಮರಾಜರ್ ಬಂದರಿನ ಹೊರಗೆ ಬಿಡಬ್ಲ್ಯೂ ಮೇಪಲ್ ಮತ್ತು ಡಾನ್ ಕಾಂಚೀಪುರಂ ಎಂಬ ಎರಡು ಹಡಗುಗಳು ಡಿಕ್ಕಿ ಹೊಡೆದವು. ತೈಲ ಮಾಲಿನ್ಯದಂಥ ಪರಿಸರ ಹಾನಿ ಏನೂ ಆಗಿಲ್ಲ ಎಂದು ಬಂದರಿನ ಪ್ರಕಟಣೆ ಹೇಳಿತು. ಪ್ರಕಟಣೆಯನ್ನು ಸಮುದ್ರ ಓದಿರಲಿಲ್ಲ. ಡಾಂಬರಿನಂಥ ಎಣ್ಣೆ ತಿರುವೊಟ್ಟಿಯೂರು, ಮರೀನಾಗಳ ಕಡೆ ಬಂದು ದಡಕ್ಕೆ ಬಡಿಯಿತು, ಆಮೆಗಳು ಸತ್ತು ತೇಲಿದವು. ಸಾವಿರಾರು ಕೋಟಿ ರೂಪಾಯಿಯ ಯಂತ್ರಗಳಿರುವ ದಂಡೆಯಲ್ಲಿ ಎಣ್ಣೆ ತೆಗೆಯಲು ಕಡೆಗೆ ಕೆಲಸಕ್ಕೆ ಬಂದದ್ದು ಪ್ಲಾಸ್ಟಿಕ್ ಬಕೆಟ್ಟು. ಕಾಲೇಜು ಹುಡುಗರು, ಮೀನುಗಾರರು, ಸ್ವಯಂಸೇವಕರು ಸಾಲಾಗಿ ನಿಂತು ಕೈಯಿಂದ ಕೈಗೆ ಬಕೆಟ್ ದಾಟಿಸಿದ ಫೋಟೊ ಲೋಕವೆಲ್ಲ ಸುತ್ತಿತು.

ಆರು ವರ್ಷ ಕಳೆಯಿತು. ವಿಜ್ಞಾನ ಸುಮ್ಮನೆ ಕೂರುವುದಿಲ್ಲ. 2023ರ ಡಿಸೆಂಬರ್ 4ರಂದು ಮಿಚಾಂಗ್ ಚಂಡಮಾರುತದ ಮಳೆಗೆ ಮಣಲಿ ಮುಳುಗಿದಾಗ ಪ್ರವಾಹದ ನೀರಿನ ಜೊತೆ ಎಣ್ಣೆ ಬಕಿಂಗ್‌ಹ್ಯಾಂ ಕಾಲುವೆಗೆ ಇಳಿದು, ಎಣ್ಣೂರು ಅಳಿವೆಗೆ ಹರಿಯಿತು. ಮಣಲಿಯಲ್ಲಿ ಶುದ್ಧೀಕರಣ ನಡೆಸುವ ಚೆನ್ನೈ ಪೆಟ್ರೋಲಿಯಂ ನಿಗಮ ತನ್ನ ಪೈಪುಗಳಲ್ಲಿ ಯಾವ ಸೋರಿಕೆಯೂ ಇಲ್ಲ ಎಂದಿತು. ಮಾತು ಪೈಪಿನ ಮಟ್ಟಿಗೆ ಆಡಿದ್ದು. ಮಾಲಿನ್ಯ ನಿಯಂತ್ರಣ ಮಂಡಳಿ ಹೋಗಿ ನೋಡಿದರೆ ಎಣ್ಣೆ ಇದ್ದದ್ದು ಸ್ಥಾವರದಿಂದ ಹೊರಬೀಳುವ ಮಳೆನೀರಿನಲ್ಲಿ. ಅಳಿವೆಯಲ್ಲಿ ದೋಣಿಗಳ ಪಕ್ಕೆ, ಬಲೆ, ಕಾಂಡ್ಲದ ಬೇರು ಎಲ್ಲ ಕಪ್ಪಾದವು. ಎದೆಯ ಬಿಳಿ ಪುಕ್ಕವೆಲ್ಲ ಎಣ್ಣೆಯಾದ ಹೆಜ್ಜಾರ್ಲೆಗಳು ಹಾರಲಾಗದೆ ಕೂತಿದ್ದವು. ಈ ಸಲ ಮೀನುಗಾರರು ದೋಣಿಯಲ್ಲಿ ಕೂತು ಎಣ್ಣೆಯನ್ನು ತೋಡಿ ತೋಡಿ ಡ್ರಮ್ಮಿಗೆ ತುಂಬಿದರು, ಎಷ್ಟೋ ಜನ ಬರಿಗೈಯಲ್ಲಿ. ತೋಡಿದ್ದು ಸ್ನಾನದ ಮನೆಯ ಮಗ್ಗಿನಲ್ಲಿ. ಬಕೆಟ್ಟಿನಿಂದ ಮಗ್ಗಿಗೆ: ಇದು ಆರು ವರ್ಷದ ಪ್ರಗತಿ. ಈ ಲೆಕ್ಕದಲ್ಲಿ ಮುಂದಿನ ಸಲ ಉದ್ಧರಣೆ ಸಾಕು.

ಸರಕಾರ ಪರಿಹಾರ ಘೋಷಿಸಿತು. 2,301 ಮೀನುಗಾರ ಕುಟುಂಬಕ್ಕೆ ತಲಾ 12,500 ರೂಪಾಯಿ, ಇನ್ನೂ 6,700 ಕುಟುಂಬಕ್ಕೆ ತಲಾ 7,500, ದೋಣಿ ರಿಪೇರಿಗೆ 10,000. ಒಟ್ಟು 8.68 ಕೋಟಿ. ಅಲ್ಲಿ ಹಿಡಿದ ಸಿಗಡಿಗೆ ಆಮೇಲೆ ಗಿರಾಕಿ ಇಲ್ಲ. ಎಣ್ಣೂರಿನ ಮೀನು ಎಂದರೆ ಬುಟ್ಟಿ ಮುಟ್ಟದೆ ಮುಂದೆ ಹೋಗುವ ಹೆಂಗಸರನ್ನು ಸ್ಟೇಕ್‌ಹೋಲ್ಡರ್ ಎಂದು ಯಾವ ಕೋಷ್ಟಕವೂ ಸೇರಿಸಿಕೊಂಡಂತಿಲ್ಲ, ಅವರ ಸಮೀಕ್ಷೆಯಲ್ಲಿ ಮಾತ್ರ ಸೊನ್ನೆ ಬರುವುದಿಲ್ಲ.

ಇದಕ್ಕೆಲ್ಲ ಕಾರಣ ನದಿ ಅಲ್ಲಿ ಇರುವುದು. ಅದನ್ನೂ ಸರಿಪಡಿಸುವ ಯತ್ನ ಆಗಿತ್ತು ಎಂಬುದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಕೇಂದ್ರ 1996ರಲ್ಲಿ ಒಪ್ಪಿದ ಕರಾವಳಿ ನಕ್ಷೆಯಲ್ಲಿ ಎಣ್ಣೂರು ಅಳಿವೆ ಸುಮಾರು 6,500 ಎಕರೆ ಹರಡಿಕೊಂಡಿದೆ, ಅಲ್ಲಿ ಕಟ್ಟಡ ಕಟ್ಟುವಂತಿಲ್ಲ. 1997ರದ್ದು ಎಂದು ರಾಜ್ಯದ ಕರಾವಳಿ ಪ್ರಾಧಿಕಾರ ಮುಂದಿಟ್ಟ ಇನ್ನೊಂದು ನಕ್ಷೆಯಲ್ಲಿ ಅಳಿವೆಯೇ ಇಲ್ಲ. ಒಂದೇ ವರ್ಷದಲ್ಲಿ ನದಿ ಮಾಯ. ಅಗಸ್ತ್ಯರಿಗೂ ಸಮುದ್ರ ಕುಡಿಯಲು ಬಾಯಿ ತೆರೆಯಬೇಕಾಯಿತು, ಇಲ್ಲಿ ರಬ್ಬರಿನಲ್ಲೇ ಮುಗಿಯಿತು. ಮಾಹಿತಿ ಹಕ್ಕಿನ ಅರ್ಜಿ ಹಾಕಿ ಹಳೆಯ ನಕ್ಷೆ ಹೊರಗೆಳೆದವರು, ನದಿ ಇದೆ ಎಂದು ತೋರಿಸಲು ಅಳಿವೆಯ ನೀರಿನಲ್ಲೇ ಹೋಗಿ ನಿಂತವರು ಇರದಿದ್ದರೆ ಆ ಸಾಧನೆ ಪೂರ್ಣವಾಗುತ್ತಿತ್ತು. ಗಾಯಕ ಟಿ.ಎಂ. ಕೃಷ್ಣ 2017ರಲ್ಲಿ ಅದೇ ಜಾಗದಲ್ಲಿ ನಿಂತು ಹಾಡಿದ 'ಚೆನ್ನೈ ಪೊರಂಬೋಕು ಪಾಡಲ್' ನೋಡಿದವರಿಗೆ ಹಿಂದೆ ಕಾಣುವ ಹೊಗೆಗೊಳವೆಗಳು ನೆನಪಿರಬಹುದು.

'ಸಮಾಜದ ಪರವಾನಗಿ' ಎಂಬ ಮಾತು ಈಗ ಎಲ್ಲ ಕಂಪನಿಗಳ ಬಾಯಲ್ಲಿದೆ. ಕಾನೂನಿನ ಪರವಾನಗಿ ಇದ್ದರೆ ಸಾಲದು, ಊರವರ ಒಪ್ಪಿಗೆಯೂ ಬೇಕು ಎಂಬ ಉದಾತ್ತ ಮಾತು. ಇದನ್ನು ಚಲಾವಣೆಗೆ ತಂದವರು ಋಷಿಮುನಿಗಳೇನಲ್ಲ, ಪ್ಲೇಸರ್ ಡೋಮ್ ಎಂಬ ಕೆನಡಾದ ಗಣಿ ಕಂಪನಿಯ ಜಿಮ್ ಕೂನಿ, 1997ರಲ್ಲಿ. ಅದರ ಹಿಂದಿನ ವರ್ಷ, 1996ರ ಮಾರ್ಚಿನಲ್ಲಿ, ಆ ಕಂಪನಿಗೆ ಪಾಲಿದ್ದ ಫಿಲಿಪ್ಪೀನ್ಸಿನ ಮಾರಿಂಡೂಕೆ ದ್ವೀಪದ ತಾಮ್ರದ ಗಣಿಯಿಂದ ಕೆಸರು ನುಗ್ಗಿ ಬೋವಾಕ್ ನದಿ ಸತ್ತುಹೋಗಿತ್ತು. ನದಿ ಹೋದ ಮೇಲೆ ಜ್ಞಾನ ಬಂತು. ಬೋಧಿವೃಕ್ಷ ಇದ್ದದ್ದೂ ನದಿಯ ದಡದಲ್ಲೇ ಅಲ್ಲವೆ?

ಪರವಾನಗಿ ಕೊಡುವವರು ಎಲ್ಲಿ ಅಡಗಿರುತ್ತಾರೆ ಎಂದು ಹೇಳಲಾಗದು ಎಂಬುದಕ್ಕೆ ಕೊಡೈಕೆನಾಲಿನ ಪ್ರಕರಣ ಇದೆ. ಅಮೆರಿಕದ ವಾಟರ್‌ಟೌನಿನಿಂದ ಬಿಚ್ಚಿ ತಂದು 1980ರ ದಶಕದಲ್ಲಿ ಜೋಡಿಸಿದ ಥರ್ಮಾಮೀಟರ್ ಕಾರ್ಖಾನೆ, ಆಮೇಲೆ ಹಿಂದುಸ್ತಾನ್ ಲಿವರ್ ಕೈಗೆ ಬಂತು. ಪಾದರಸ ಬೆರೆತ ಗಾಜಿನ ಚೂರು ಗುಜರಿ ಅಂಗಡಿಯಲ್ಲಿ ಸಿಕ್ಕ ಮೇಲೆ 2001ರ ಮಾರ್ಚಿನಲ್ಲಿ ಬಾಗಿಲು ಮುಚ್ಚಿತು. ಕಾರ್ಮಿಕರು ಪರಿಹಾರಕ್ಕಾಗಿ ಅರ್ಜಿ ಬರೆದರು, ಧರಣಿ ಕೂತರು, ಕೋರ್ಟಿಗೆ ಅಲೆದರು. ಹದಿನಾಲ್ಕು ವರ್ಷ. ಅಷ್ಟರಲ್ಲಿ ಲಂಡನ್ನಿನ ಮಾತೃಸಂಸ್ಥೆ ಸುಸ್ಥಿರ ಬದುಕಿನ ಯೋಜನೆ ಪ್ರಕಟಿಸಿ ಜಗತ್ತಿನ ಮೆಚ್ಚುಗೆ ಗಳಿಸಿತ್ತು. 2015ರ ಜುಲೈ ಕೊನೆಗೆ ಚೆನ್ನೈಯ ಸೋಫಿಯಾ ಅಶ್ರಫ್ ಎಂಬ ಹುಡುಗಿ ಒಂದು ರ್‍ಯಾಪ್ ಹಾಡಿ ಯೂಟ್ಯೂಬಿಗೆ ಹಾಕಿದಳು. ಲಕ್ಷಗಟ್ಟಲೆ ಜನ ನೋಡಿದರು. ಆ ಮಾತೃಸಂಸ್ಥೆಯ ಮುಖ್ಯಸ್ಥ ಪೌಲ್ ಪೋಲ್ಮನ್ ಅವರೇ ಟ್ವಿಟರಿಗೆ ಇಳಿದು ಉತ್ತರ ಕೊಡಬೇಕಾಯಿತು. 2016ರ ಮಾರ್ಚಿನಲ್ಲಿ 591 ಮಾಜಿ ಕಾರ್ಮಿಕರ ಜೊತೆ ಒಪ್ಪಂದ ಆಯಿತು, ಮಾನವೀಯತೆಯ ದೃಷ್ಟಿಯಿಂದ. ಹದಿನಾಲ್ಕು ವರ್ಷ ಅರ್ಜಿ ಬರೆದವರಿಗೆ ತಾಳ ಗೊತ್ತಿರಲಿಲ್ಲ ಎನ್ನುವುದಷ್ಟೇ ಸಮಸ್ಯೆ. ಕುಂದುಕೊರತೆ ಕಾಲಂನ ಪಕ್ಕದಲ್ಲಿ ರಾಗ, ತಾಳ ಎಂಬ ಕಾಲಂ ಸೇರಿಸಲು ಸೆಬಿಗೆ ಒಂದು ಸಲಹೆ ಬರೆಯಬೇಕೆಂದಿದ್ದೇನೆ.

ತಮಿಳುನಾಡಿನ ಮೇಲೆ ಬೆರಳು ತೋರಿಸಿ ನಮ್ಮವರು ನಗುವ ಹಾಗಿಲ್ಲ. 1984ರಲ್ಲಿ ಹರಿಹರದ ಪಾಲಿಫೈಬರ್ ಕಾರ್ಖಾನೆಯ ಕೆಳಗೆ ತುಂಗಭದ್ರೆಯಲ್ಲಿ ಮೀನು ರಾಶಿರಾಶಿ ಸತ್ತದ್ದನ್ನು ಕಂಡವರು ಇನ್ನೂ ಇದ್ದಾರೆ. ಅದೇ ಕಾರ್ಖಾನೆಗೆ ಮರದ ತಿರುಳು ಒದಗಿಸಲು ಸರಕಾರ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿ, ಹಳ್ಳಿಗಳ ಸುಮಾರು 75,000 ಎಕರೆ ಗೋಮಾಳ-ಕಾವಲಿನಲ್ಲಿ ನೀಲಗಿರಿ ನೆಡಲು ಹೊರಟಿತು. ಅಹವಾಲು ಸಭೆ ಎಂಬ ವ್ಯವಸ್ಥೆ ಆಗ ಹುಟ್ಟಿರಲಿಲ್ಲ. ಪಾಪ, ಅಭಿಪ್ರಾಯ ಹೇಳಲು ಜನಕ್ಕೆ ಬೇರೆ ದಾರಿ ಇರಲಿಲ್ಲವಾದ್ದರಿಂದ 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸೇರಿ, ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗಕ್ಕೆ ತಮಗೆ ಬೇಕಾದ ಗಿಡ ಹಚ್ಚಿದರು. ಕಿತ್ತಿಕೊ ಹಚ್ಚಿಕೊ ಎಂದೇ ಅದಕ್ಕೆ ಹೆಸರು. ಕೆಲವು ವರ್ಷದಲ್ಲಿ ಆ ಕಂಪನಿಯನ್ನೇ ಮುಚ್ಚಿದರು. ಇವತ್ತು ಯಾರಾದರೂ ಹಾಗೆ ಮಾಡಿದರೆ ನಮ್ಮ ಹುಡುಗ ಅದನ್ನು ಯಾವ ಕಾಲಂನಲ್ಲಿ ತುಂಬುತ್ತಾನೆ ಎಂದು ಕೇಳಿದೆ. "ಸಸಿ ನೆಟ್ಟರಲ್ಲ ಭಾವ? ಹಸಿರೀಕರಣದಲ್ಲಿ ಸಮುದಾಯದ ಸಹಭಾಗಿತ್ವ," ಅಂದ. ಅವನಿಗೆ ಬೇಗ ಬಡ್ತಿ ಸಿಗುತ್ತದೆ.

ಮತ್ತೆ ಎಣ್ಣೂರಿಗೆ ಬರೋಣ. ಎಣ್ಣೆ ತೋಡಿದ ಕೈ ಇನ್ನೂ ತೊಳೆದಿರಲಿಲ್ಲ, ಅದೇ 2023ರ ಡಿಸೆಂಬರಿನ 26ರ ನಡುರಾತ್ರಿಗೆ ಸ್ವಲ್ಪ ಮೊದಲು ಎಣ್ಣೂರಿನ ಕೋರಮಂಡಲ್ ಇಂಟರ್‌ನ್ಯಾಷನಲ್ ರಸಗೊಬ್ಬರ ಕಾರ್ಖಾನೆಗೆ ಸಮುದ್ರದಡಿಯಿಂದ ಬರುವ ಪೈಪಿನಲ್ಲಿ ಅಮೋನಿಯಾ ಸೋರಿತು. ಪೆರಿಯಕುಪ್ಪಂ, ಚಿನ್ನಕುಪ್ಪಂಗಳ ಜನ ನಿದ್ದೆಯಿಂದ ಎದ್ದವರು ಕಣ್ಣು ಉರಿದು, ಉಸಿರು ಕಟ್ಟಿ, ಮಕ್ಕಳನ್ನು ಎತ್ತಿಕೊಂಡು ಕತ್ತಲಲ್ಲಿ ಓಡಿದರು. ಹತ್ತಾರು ಜನ ಆಸ್ಪತ್ರೆ ಸೇರಿದರು. ಅಲ್ಪ ಸಮಯದಲ್ಲೇ ಪರಿಸ್ಥಿತಿ ಸಹಜಕ್ಕೆ ತಂದೆವು ಎಂದಿತು ಕಂಪನಿ. ಮಂಡಳಿಯವರು ಅಳೆದಾಗ ಕಾರ್ಖಾನೆಯ ಗೇಟಿನ ಹತ್ತಿರ ಗಾಳಿಯಲ್ಲಿ ಘನ ಮೀಟರಿಗೆ 2,090 ಮೈಕ್ರೋಗ್ರಾಂ ಅಮೋನಿಯಾ ಇತ್ತು, ಮಿತಿ 400. 33 ಕುಪ್ಪಂಗಳ ಜನ ಕಾರ್ಖಾನೆ ಬೇಡವೆಂದು ತಿಂಗಳುಗಟ್ಟಲೆ ಕೂತರು. ತಜ್ಞರ ಸಮಿತಿ ಬಂತು, ವರದಿ ಬಂತು, 5.92 ಕೋಟಿ ರೂಪಾಯಿ ಪರಿಸರ ಪರಿಹಾರದ ಲೆಕ್ಕ ಬಂತು. 2024ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ, ಸಂಬಂಧಪಟ್ಟ ಇಲಾಖೆಗಳಿಂದ ನಿರಾಕ್ಷೇಪಣಾ ಪತ್ರ ತಂದರೆ ಕೆಲಸ ಮತ್ತೆ ಶುರು ಮಾಡಬಹುದು ಎಂದಿತು.

ಆಕ್ಷೇಪಣೆ ಇದ್ದದ್ದು ಪೆರಿಯಕುಪ್ಪಂನವರಿಗೆ. ಆದರೆ ನಿರಾಕ್ಷೇಪಣಾ ಪತ್ರ ಕೊಡಲು ಲೆಟರ್‌ಹೆಡ್ ಬೇಕು, ಮೊಹರು ಬೇಕು, ಆವಕ-ಜಾವಕ ನಂಬರ್ ಬೇಕು. ಅವು ಯಾವುವೂ ಪೆರಿಯಕುಪ್ಪಂನಲ್ಲಿ ಇಲ್ಲ.